ಉತ್ತರ ಕನ್ನಡದ ದುರ್ಗಮ ದಡಗಳಲ್ಲಿ ಹೊಸ ಡೈವಿಂಗ್ ಜಾಗ ಹುಡುಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮಾಜಾಳಿಯಿಂದ ಭಟ್ಕಳದವರೆಗಿನ ಕಡಲತೀರದಲ್ಲಿ ಸ್ಕೂಬಾ ಡೈವಿಂಗ್ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಮುರ್ಡೇಶ್ವರದಿಂದ ದೋಣಿ ಹತ್ತಿ ಹೋಗುವ ನೇತ್ರಾಣಿ ಒಂದೇ. ಗುಡ್ಡದ ಮೂಗು ನೇರವಾಗಿ ಕಡಲಿಗೆ ಚಾಚಿರುವ ಕಡೆಗಳಲ್ಲಿ, ರಸ್ತೆಯಿಲ್ಲದ ಪುಟ್ಟ ಕೊಲ್ಲಿಗಳಲ್ಲಿ, ದೋಣಿಯಿಲ್ಲದೆ ದಡದಿಂದಲೇ ಇಳಿದು ನೋಡಬಹುದಾದ ಬಂಡೆಗಳಿವೆಯೇ ಎಂದು ವಿಚಾರಿಸುವವರು ಈಚೆಗೆ ಹೆಚ್ಚಾಗಿದ್ದಾರೆ. ಕುಮಟಾದ ಆಸುಪಾಸಿನಲ್ಲಿ ಇಂಥ ಜಾಗಗಳನ್ನು ಕೆಲವು ವರ್ಷಗಳಿಂದ ಹುಡುಕುತ್ತ ಬಂದಿರುವ ನಮ್ಮ ಚಿಕ್ಕ ಗುಂಪಿಗೆ ಎದುರಾದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ. ಡೈವಿಂಗ್ ತರಬೇತಿಗೆ ಈ ಬರಹ ಬದಲಿಯಲ್ಲ. ತರಬೇತಿ ಪಡೆದು, ಹತ್ತಾರು ಬಾರಿ ನೀರಿಗಿಳಿದ ಅನುಭವವಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ.

ನೇತ್ರಾಣಿ ಇರುವಾಗ ದಡದ ಜಾಗಗಳನ್ನು ಹುಡುಕುವ ಕಷ್ಟ ಏಕೆ?

ಹವಳ ಮತ್ತು ಬಣ್ಣಬಣ್ಣದ ಮೀನುಗಳನ್ನು ನೋಡುವುದೇ ಉದ್ದೇಶವಾಗಿದ್ದರೆ ನೇತ್ರಾಣಿಗೇ ಹೋಗಿ. ದಡದಿಂದ ಸುಮಾರು 19 ಕಿಲೋಮೀಟರ್ ದೂರವಿರುವ ಆ ದ್ವೀಪದ ತಿಳಿನೀರಿಗೆ ನಮ್ಮ ದಡದ ಯಾವ ಮೂಲೆಯೂ ಸಾಟಿಯಲ್ಲ. ದಡದ ಜಾಗಗಳ ಆಕರ್ಷಣೆ ಬೇರೆ ರೀತಿಯದು. ನೀಲಿಕಲ್ಲು ಎಂಬ ಚಿಪ್ಪುಜೀವಿ ಕಚ್ಚಿಕೊಂಡ ಬಂಡೆಗಳು, ಅವುಗಳ ಸಂದಿಯಲ್ಲಿ ಅವಿತ ಮುರು ಮೀನು, ಮರಳಿನಲ್ಲಿ ಹುದುಗಿದ ತೊರಕೆ ಮೀನು, ಕೈಯಗಲದ ಜಾಗದಲ್ಲಿ ಹತ್ತಾರು ಬಗೆಯ ಚಿಕ್ಕ ಜೀವಿಗಳು, ಇವನ್ನೆಲ್ಲ ನಿಧಾನವಾಗಿ ನೋಡುವ ತಾಳ್ಮೆಯುಳ್ಳವರಿಗೆ, ಒಂದೇ ಜಾಗಕ್ಕೆ ವರ್ಷಪೂರ್ತಿ ಮತ್ತೆಮತ್ತೆ ಹೋಗಿ ಅದು ಬದಲಾಗುವುದನ್ನು ಗಮನಿಸಬೇಕೆನ್ನುವವರಿಗೆ ಇದು ಸರಿಹೊಂದುತ್ತದೆ.

ದಡದಿಂದ ಇಳಿದರೆ ಎಷ್ಟು ಆಳ ಸಿಗುತ್ತದೆ? ನೀರು ಎಷ್ಟು ತಿಳಿಯಾಗಿರುತ್ತದೆ?

ನಿರೀಕ್ಷೆಯನ್ನು ಮೊದಲೇ ತಗ್ಗಿಸಿಕೊಳ್ಳುವುದು ಒಳ್ಳೆಯದು. ನಮ್ಮ ಕಡಲತಳ ಬಹಳ ನಿಧಾನವಾಗಿ ಇಳಿಯುತ್ತದೆ. ಮರಳು ದಂಡೆಯಿಂದ ಹೊರಟರೆ 10 ಮೀಟರ್ ಆಳ ಮುಟ್ಟುವಷ್ಟರಲ್ಲಿ ಕಾಲು ಸೋತಿರುತ್ತದೆ. ಗುಡ್ಡದ ಮೂಗುಗಳ ಬುಡದಲ್ಲಿ ಬೇಗ ಆಳ ಸಿಗುವುದಾದರೂ ನಾವು ಇಳಿದ ಜಾಗಗಳಲ್ಲಿ ಹೆಚ್ಚಿನವು 4ರಿಂದ 8 ಮೀಟರ್‌ಗಳ ನಡುವಿನವು. ಒಳ್ಳೆಯ ದಿನ ಮೂರು ನಾಲ್ಕು ಮೀಟರ್ ದೂರ ಕಂಡರೆ ಅದೃಷ್ಟ, ಒಂದು ಮೀಟರ್ ಕೂಡ ಕಾಣದ ದಿನಗಳೇ ಹೆಚ್ಚು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂಬ ನಾಲ್ಕು ಹೊಳೆಗಳು ಘಟ್ಟದ ಮಣ್ಣನ್ನು ಹೊತ್ತು ತಂದು ಈ ತೀರಕ್ಕೆ ಸುರಿಯುತ್ತವೆ, ಆದ್ದರಿಂದ ಅಳಿವೆಗಳ ಬಾಯಿಯಿಂದ ದೂರವಿರುವ ಮೂಗುಗಳನ್ನೇ ಆರಿಸಿಕೊಳ್ಳಬೇಕು. ಮಳೆ ಮುಗಿದ ಹೊಸತರಲ್ಲಿ ಒಂದು ಸೋಜಿಗ ಕಾಣಸಿಗುತ್ತದೆ: ಹಗುರವಾದ ಹೊಳೆನೀರು ಮೇಲೆ ಕೆಂಚಾಗಿ ಹಾಸಿಕೊಂಡಿದ್ದು, ಎರಡು ಮೀಟರ್ ಕೆಳಗಿಳಿದ ಕೂಡಲೇ ಉಪ್ಪುನೀರು ತಿಳಿಯಾಗಿರುತ್ತದೆ. ದಡದಲ್ಲಿ ನಿಂತು ನೀರಿನ ಬಣ್ಣ ನೋಡಿ ಜಾಗವನ್ನು ತಿರಸ್ಕರಿಸುವ ಮೊದಲು ಇದನ್ನು ನೆನಪಿಟ್ಟುಕೊಳ್ಳಿ.

ತಿಳಿತನವನ್ನು ಅಳೆಯಲು ದುಬಾರಿ ಉಪಕರಣ ಬೇಡ. ಸುಮಾರು 30 ಸೆಂಟಿಮೀಟರ್ ಅಗಲದ ತಟ್ಟೆಗೆ ಬಿಳಿ ಬಣ್ಣ ಬಳಿದು, ಅಡಿಗೆ ಸೀಸದ ಗುಂಡು ಕಟ್ಟಿ, ಮೀಟರಿಗೊಂದು ಗಂಟು ಹಾಕಿದ ಹಗ್ಗದಲ್ಲಿ ಇಳಿಬಿಡಿ. ತಟ್ಟೆ ಕಣ್ಮರೆಯಾದ ಗಂಟನ್ನು ಬರೆದಿಟ್ಟುಕೊಳ್ಳಿ. ಅದೇ ಹಗ್ಗ ಆಳವನ್ನೂ ಹೇಳುತ್ತದೆ.

ಯಾವ ತಿಂಗಳುಗಳಲ್ಲಿ ಹುಡುಕಬೇಕು?

ನೀರಿಗಿಳಿಯುವುದಕ್ಕೆ ಅಕ್ಟೋಬರ್ ಕೊನೆಯಿಂದ ಮೇ ಮೊದಲ ವಾರದವರೆಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡವೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ಹೊತ್ತಿನಲ್ಲಿ ನೀವು ಅಪಾಯಕ್ಕೆ ಸಿಲುಕಿದರೆ ನೆರವಿಗೆ ಬರಬಹುದಾದ ದೋಣಿಗಳೂ ಕಡಲಲ್ಲಿರುವುದಿಲ್ಲ. ಆದರೆ ನೋಡುವುದಕ್ಕೆ ಮಳೆಗಾಲವೇ ಒಳ್ಳೆಯದು. ಜುಲೈ ತಿಂಗಳಲ್ಲಿ ಗುಡ್ಡದ ಮೇಲೆ ಕೊಡೆ ಹಿಡಿದು ನಿಂತು, ದೊಡ್ಡ ಅಲೆಗಳು ಎಲ್ಲೆಲ್ಲಿ ಒಡೆಯುತ್ತವೆ ಎಂದು ಗಮನಿಸಿದರೆ ನೀರಿನಡಿಯ ಬಂಡೆಗಳ ನಕ್ಷೆಯೇ ನೊರೆಯಲ್ಲಿ ಬರೆದಂತೆ ಕಾಣುತ್ತದೆ. ನಾವು ಗುರುತು ಹಾಕಿಕೊಂಡ ಎರಡು ಬಂಡೆಗಳನ್ನು ಬೇಸಿಗೆಯ ಶಾಂತ ನೀರಿನಲ್ಲಿ ಎಷ್ಟು ಹುಡುಕಿದ್ದರೂ ಕಾಣುತ್ತಿರಲಿಲ್ಲ.

ಹುಡುಕಾಟವನ್ನು ಎಲ್ಲಿಂದ ಆರಂಭಿಸಬೇಕು?

ಮನೆಯಲ್ಲಿ ಕುಳಿತು. ಉಪಗ್ರಹ ಚಿತ್ರಗಳಲ್ಲಿ ಒಂದೇ ಜಾಗದ ಬೇರೆಬೇರೆ ವರ್ಷಗಳ ಚಿತ್ರಗಳನ್ನು ಹೋಲಿಸಿ ನೋಡಬಹುದು. ಎಲ್ಲ ಚಿತ್ರಗಳಲ್ಲೂ ಒಂದೇ ಕಡೆ ಕಪ್ಪಾಗಿ ಕಾಣುವುದು ಬಂಡೆ, ಜಾಗ ಬದಲಿಸುವ ಕಪ್ಪು ಮೋಡದ ನೆರಳು ಅಥವಾ ಕೆಸರು. ಡೆಹ್ರಾಡೂನ್‌ನಲ್ಲಿರುವ ರಾಷ್ಟ್ರೀಯ ಜಲವಿವರಣಾ ಕಚೇರಿ ಪ್ರಕಟಿಸುವ ನೌಕಾ ನಕ್ಷೆಗಳಲ್ಲಿ ಆಳದ ಅಂಕಿಗಳಿರುತ್ತವೆ. ಆದರೆ ಆ ನಕ್ಷೆಗಳನ್ನು ಮಾಡಿರುವುದು ಹಡಗುಗಳಿಗಾಗಿ. ಹಡಗು ಸುಳಿಯದ ದಡದಂಚಿನ ಮುನ್ನೂರು ನಾನೂರು ಮೀಟರ್‌ಗಳಲ್ಲಿ, ಅಂದರೆ ನಮಗೆ ಬೇಕಾದ ಕಡೆಯಲ್ಲೇ, ಅಂಕಿಗಳು ವಿರಳ.

ಅನಂತರ ನಡೆದು ನೋಡಬೇಕು. ಒಂದು ಜಾಗಕ್ಕೆ ಕನಿಷ್ಠ ಮೂರು ಸಲ ಬರಿಗೈಯಲ್ಲಿ ಹೋಗದೆ ನಾವು ಉಪಕರಣ ಹೊರುವುದಿಲ್ಲ: ನೀರು ಪೂರ್ತಿ ಇಳಿದಾಗ ಒಮ್ಮೆ, ಪೂರ್ತಿ ತುಂಬಿದಾಗ ಒಮ್ಮೆ, ಮಧ್ಯಾಹ್ನದ ಗಾಳಿ ಎದ್ದ ಮೇಲೆ ಒಮ್ಮೆ. ಪ್ರತಿ ಸಲವೂ ಕನಿಷ್ಠ ಅರ್ಧ ಗಂಟೆ ಸುಮ್ಮನೆ ಕುಳಿತು ನೋಡುವುದು ಕಡ್ಡಾಯ. ಅಲೆಗಳು ಗುಂಪುಗುಂಪಾಗಿ ಬರುತ್ತವೆ. ಹತ್ತು ನಿಮಿಷ ಕೆರೆಯಂತಿದ್ದ ಕೊಲ್ಲಿಯಲ್ಲಿ ಹನ್ನೊಂದನೆಯ ನಿಮಿಷಕ್ಕೆ ಐದಾರು ದೊಡ್ಡ ಅಲೆಗಳು ಸಾಲಾಗಿ ಬಂದು ಬಂಡೆಯ ನೆತ್ತಿಯನ್ನು ತೊಳೆದು ಹೋಗುವುದನ್ನು ನಾವು ಎಷ್ಟೋ ಸಲ ಕಂಡಿದ್ದೇವೆ. ಮೊಬೈಲಿನಲ್ಲಿ ಎರಡು ಚಿತ್ರ ತೆಗೆದುಕೊಂಡು ಹಿಂದಿರುಗಿದವರಿಗೆ ಇದು ತಿಳಿಯುವುದಿಲ್ಲ.

ಊರಿನಲ್ಲಿ ಯಾರನ್ನು ಕೇಳಬೇಕು?

ಬಂಡೆಯಿಂದ ನೀಲಿಕಲ್ಲು ತೆಗೆಯುವವರನ್ನು. ಅವರು ಮಾಸ್ಕ್ ಕಟ್ಟಿಕೊಂಡು, ಉಸಿರು ಹಿಡಿದು, ಕೈಯಲ್ಲೊಂದು ಕಬ್ಬಿಣದ ಉಳಿಯೊಂದಿಗೆ ಇಳಿಯುತ್ತಾರೆ. ಯಾವ ಕಲ್ಲಿನ ಯಾವ ಮಗ್ಗುಲಲ್ಲಿ ಸೆಳೆತವಿದೆ, ಯಾವ ಸಂದಿಯಲ್ಲಿ ಕಾಲಿಟ್ಟರೆ ಮೇಲೆ ಬರಬಹುದು ಎಂಬುದು ಅವರಿಗೆ ಅಂಗೈ ಗೆರೆಯಷ್ಟು ಪರಿಚಿತ. ಟ್ರಾಲರ್‌ನವರಿಗೆ ದೂರದ ಕಡಲು ಗೊತ್ತು, ದಡದಂಚು ಗೊತ್ತಿಲ್ಲ. ಪಾತಿ ದೋಣಿಯಲ್ಲಿ ಗಾಳ ಹಾಕುವವರಿಗೆ ಕಲ್ಲುಗಳು ಗೊತ್ತು, ಏಕೆಂದರೆ ಮುರು ಸಿಗುವುದು ಕಲ್ಲಿನ ಬಳಿಯೇ; ಅವರು ಒಂದು ತೆಂಗಿನ ಮರವನ್ನೂ ಅದರ ಹಿಂದಿನ ಗುಡ್ಡದ ನೆತ್ತಿಯನ್ನೂ ಒಂದೇ ಗೆರೆಗೆ ತಂದು, ಇನ್ನೊಂದು ದಿಕ್ಕಿನಲ್ಲಿ ದೇವಸ್ಥಾನದ ಕಳಸವನ್ನೋ ದೀಪಸ್ತಂಭವನ್ನೋ ಹಿಡಿದು ಜಾಗವನ್ನು ಗುರುತಿಸುತ್ತಾರೆ. ಆ ಎರಡು ಗೆರೆಗಳನ್ನು ನಿಮ್ಮ ನಕ್ಷೆಯ ಮೇಲೆ ಎಳೆದರೆ ಅವು ಕೂಡುವ ಕಡೆ ಕಲ್ಲಿರುತ್ತದೆ.

ಕೇಳುವ ರೀತಿಯೂ ಮುಖ್ಯ. ಕಲ್ಲು ಎಂದರೆ ಅವರ ಅನ್ನ. ಪೇಟೆಯಿಂದ ಬಂದವರು ಬೈಕ್ ನಿಲ್ಲಿಸಿ, ಹೆಸರೂ ಹೇಳದೆ “ಇಲ್ಲಿ ಎಲ್ಲಿ ಮೀನು ಚೆನ್ನಾಗಿದೆ” ಎಂದು ಕೇಳಿದರೆ ಯಾರೂ ನಿಜ ಹೇಳಲಾರರು, ಹೇಳಬೇಕಾಗಿಯೂ ಇಲ್ಲ. ನಾವು ಮೀನು ಹಿಡಿಯುವವರಲ್ಲ, ನೀಲಿಕಲ್ಲು ಕೀಳುವವರಲ್ಲ, ನೋಡಿ ಬರುವವರು ಎಂದು ಮೊದಲೇ ತಿಳಿಸಿ. ನೀರಿನಡಿ ತೆಗೆದ ಚಿತ್ರಗಳನ್ನು ಮರಳಿ ಬಂದು ತೋರಿಸಿ. ಕುಮಟಾ ತಾಲ್ಲೂಕಿನ ಒಂದು ಊರಿನಲ್ಲಿ ನಮಗೆ ದಾರಿ ತೋರಿಸಿದ ಹಿರಿಯರೊಬ್ಬರು, ತಾವು ನಲವತ್ತು ವರ್ಷ ಕೈಯಿಂದ ತಡವಿ ಬಲ್ಲ ಕಲ್ಲನ್ನು ಪರದೆಯ ಮೇಲೆ ಮೊದಲ ಬಾರಿಗೆ ಪೂರ್ತಿಯಾಗಿ ನೋಡಿ, ಅದರ ಬೆನ್ನಿನ ಕಡೆ ಇನ್ನೊಂದು ಗುಹೆಯಿದೆ, ಅಲ್ಲಿಗೆ ಏಕೆ ಹೋಗಲಿಲ್ಲ ಎಂದು ನಮ್ಮನ್ನೇ ತರಾಟೆಗೆ ತೆಗೆದುಕೊಂಡಿದ್ದರು.

ರಸ್ತೆಯಿಲ್ಲದ ಕೊಲ್ಲಿಗೆ ಉಪಕರಣಗಳನ್ನು ಹೇಗೆ ಒಯ್ಯುವುದು?

ಲೆಕ್ಕ ಹಾಕಿ ನೋಡಿ. 11 ಲೀಟರ್‌ನ ತುಂಬಿದ ಅಲ್ಯೂಮಿನಿಯಂ ಸಿಲಿಂಡರ್ ಸುಮಾರು 16–17 ಕಿಲೋ ತೂಗುತ್ತದೆ. ಸೀಸದ ತೂಕ, ಬಿ.ಸಿ.ಡಿ. (ಗಾಳಿ ತುಂಬಿ ತೇಲುವಿಕೆಯನ್ನು ಹೊಂದಿಸುವ ಅಂಗಿ), ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನು ಬಾಯಿಗೆ ಒದಗಿಸುವ ಸಾಧನ), ಫಿನ್ (ಕಾಲಿಗೆ ತೊಡುವ ರೆಕ್ಕೆ), ಕುಡಿಯುವ ನೀರು ಸೇರಿದರೆ ಒಬ್ಬೊಬ್ಬರ ಹೊರೆ 30 ಕಿಲೋ ಮುಟ್ಟುತ್ತದೆ. ಮಾಜಾಳಿಯಿಂದ ತಿಳ್‌ಮಾತಿಯ ಕಪ್ಪು ಮರಳಿನ ದಂಡೆಗೆ, ಅಥವಾ ಗೋಕರ್ಣದ ಓಂ ದಂಡೆಯಿಂದ ಹಾಫ್ ಮೂನ್ ಕಡೆಗೆ ಗುಡ್ಡದ ಮೇಲಿನ ಕಾಲುದಾರಿಯಲ್ಲಿ ಬರಿಗೈಯಲ್ಲಿ ನಡೆದವರಿಗೆ ಆ ಹೊರೆಯೊಂದಿಗೆ ನಡೆಯುವುದು ಹೇಗಿದ್ದೀತು ಎಂಬ ಅಂದಾಜು ಸಿಗುತ್ತದೆ. ಜಂಬಿಟ್ಟಿಗೆ ಕಲ್ಲಿನ ಸಣ್ಣ ಹರಳುಗಳು ಕಾಲಡಿಯಲ್ಲಿ ಗೋಲಿಯಂತೆ ಉರುಳುತ್ತವೆ. ಒಂದೇ ಹೊರೆಯಲ್ಲಿ ಮುಗಿಸುವ ಹಟ ಬಿಟ್ಟು ಎರಡು ಸುತ್ತು ನಡೆಯಿರಿ, ಚಪ್ಪಲಿ ಬಿಟ್ಟು ಹಿಡಿತವಿರುವ ಬೂಟು ಹಾಕಿ, ಕಡಿದಾದ ಕಡೆ ಸಿಲಿಂಡರನ್ನು ಬೆನ್ನಿಗೇರಿಸದೆ ಹಗ್ಗದಲ್ಲಿ ಇಳಿಬಿಡಿ. ಸಿಲಿಂಡರಿನ ಕವಾಟಕ್ಕೆ ಹಳೆಯ ಬಟ್ಟೆ ಸುತ್ತುವುದನ್ನು ಮರೆಯಬಾರದು. ಅದು ಕಲ್ಲಿಗೆ ಬಡಿದರೆ ಅಂದಿನ ದಿನ ಅಲ್ಲಿಗೇ ಮುಗಿಯಿತು.

ಮಾರ್ಚ್ ಬಂದ ಮೇಲೆ ಹೊರೆಗಿಂತ ಬಿಸಿಲು ದೊಡ್ಡ ಶತ್ರು. ನೀರಿನಡಿ ದೇಹ ಹೀರಿಕೊಂಡ ಸಾರಜನಕ ಮೇಲೆ ಬಂದಾಗ ಗುಳ್ಳೆಗಳಾಗಿ ಉಂಟುಮಾಡುವ ತೊಂದರೆಗಳು ಬೆವರಿ ಬಸವಳಿದ ದೇಹವನ್ನು ಹೆಚ್ಚು ಕಾಡುವ ಸಾಧ್ಯತೆಯಿದೆ, ಆದ್ದರಿಂದ ಕೆಳಗಿಳಿದ ಮೇಲೆ ನೆರಳಿನಲ್ಲಿ ಅರ್ಧ ಗಂಟೆ ಕುಳಿತು, ಉಪ್ಪು ಬೆರೆಸಿದ ಮುರುಗಲ ಪಾನಕವನ್ನೋ ಮಜ್ಜಿಗೆಯನ್ನೋ ಕುಡಿದು, ಎದೆಬಡಿತ ತಗ್ಗಿದ ಮೇಲಷ್ಟೇ ಉಪಕರಣ ಕಟ್ಟಿಕೊಳ್ಳಿ. ಹಿಂದಿರುಗುವಾಗ ದಾರಿ ಏರುಮುಖವಾಗಿರುತ್ತದೆ ಎಂಬುದೂ ಲೆಕ್ಕದಲ್ಲಿರಲಿ. ನೀರಿನಿಂದ ಹೊರಬಂದ ಕೂಡಲೇ ಭಾರ ಹೊತ್ತು ಗುಡ್ಡ ಹತ್ತುವುದು ಸರಿಯಲ್ಲ. ಒಂದೆರಡು ಗಂಟೆ ಕಾಯಬೇಕು.

ದಾರಿಯನ್ನು ಪ್ರತಿ ವರ್ಷವೂ ಹೊಸದಾಗಿ ಪರೀಕ್ಷಿಸಬೇಕು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೇ ಗಂಗಾವಳಿಗೆ ತಳ್ಳಿದ್ದನ್ನು ಈ ಜಿಲ್ಲೆಯವರು ಮರೆತಿಲ್ಲ. ಕಡಲಂಚಿನ ಇಳಿಜಾರುಗಳಲ್ಲಿ ಚಿಕ್ಕ ಕುಸಿತಗಳು ಮಳೆಗಾಲದಲ್ಲಿ ಸದ್ದಿಲ್ಲದೆ ಆಗುತ್ತಿರುತ್ತವೆ, ಕಳೆದ ವರ್ಷ ಕಾಲಿಟ್ಟ ಕಲ್ಲು ಈ ವರ್ಷ ಅಲ್ಲಿದ್ದರೂ ಬುಡ ಸಡಿಲವಾಗಿರಬಹುದು.

ಇಳಿಯಲು ಒಳ್ಳೆಯ ಬಂಡೆ ಸಿಕ್ಕಿದೆ. ಅಷ್ಟು ಸಾಲದೇ?

ಸಾಲದು. ನಮ್ಮ ಇಡೀ ಹುಡುಕಾಟ ನಿಂತಿರುವುದು ಇಳಿಯುವ ದಾರಿಯ ಮೇಲಲ್ಲ, ಹತ್ತುವ ದಾರಿಯ ಮೇಲೆ. ಇಳಿಯುವುದು ಯಾರಿಗಾದರೂ ಸಾಧ್ಯ. ಆಳ ಗೊತ್ತಿರುವ ಅಂಚಿನಿಂದ ಒಂದು ದೊಡ್ಡ ಹೆಜ್ಜೆ ಇಟ್ಟರೆ ಭೂಮಿಯ ಸೆಳೆತ ಉಳಿದದ್ದನ್ನು ಮಾಡುತ್ತದೆ. ಮುಕ್ಕಾಲು ಗಂಟೆಯ ಬಳಿಕ, ದಣಿದು, ಮೈಮೇಲೆ ಭಾರ ಹೊತ್ತು, ಅಲೆ ಹಿಂದಿನಿಂದ ತಳ್ಳುತ್ತಿರುವಾಗ ಅದೇ ಅಂಚನ್ನು ಹತ್ತಲು ಸಾಧ್ಯವೇ ಎಂಬುದೊಂದೇ ಜಾಗವನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂದು ತೀರ್ಮಾನಿಸುವ ಪ್ರಶ್ನೆ. ನೋಡಲು ಸೊಗಸಾಗಿದ್ದ ಎಷ್ಟೋ ಕೊಲ್ಲಿಗಳನ್ನು ನಾವು ಕೈಬಿಟ್ಟಿರುವುದು ಈ ಒಂದೇ ಕಾರಣಕ್ಕೆ.

ಇದನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. ಮೊದಲ ವರ್ಷ ಒಂದು ಮೂಗಿನ ದಕ್ಷಿಣ ಮಗ್ಗುಲಲ್ಲಿ ನೀರು ತುಂಬಿದ್ದಾಗ, ಸೊಂಟದ ಎತ್ತರದ ಚಪ್ಪಟೆ ಬಂಡೆಯಿಂದ ಮೂವರು ಆರಾಮವಾಗಿ ಇಳಿದಿದ್ದೆವು. ಹಿಂದಿರುಗುವಷ್ಟರಲ್ಲಿ ನೀರು ಇಳಿದು ಆ ಬಂಡೆ ತಲೆಗಿಂತ ಎತ್ತರದಲ್ಲಿತ್ತು, ಅದರ ಕೆಳಗಿನ ಗೋಡೆಯ ತುಂಬ ಬ್ಲೇಡಿನಂತೆ ಹರಿತವಾದ ಚಿಪ್ಪಿನ ಕಲ್ಗಗಳು (ಬಂಡೆಗೆ ಅಂಟಿ ಬೆಳೆಯುವ ಸಿಂಪಿಗಳು). ಹತ್ತಲು ಮಾಡಿದ ಒಂದೇ ಪ್ರಯತ್ನದಲ್ಲಿ ಒಬ್ಬರ ಅಂಗೈ ಸೀಳಿತು. ಕೊನೆಗೆ ಸೀಸದ ತೂಕಗಳನ್ನು ಕಳಚಿ ಕೈಬಿಟ್ಟು, ಬೆನ್ನ ಮೇಲೆ ತೇಲುತ್ತ ಸುಮಾರು ಆರುನೂರು ಮೀಟರ್ ದೂರದ ಮರಳು ದಂಡೆಗೆ ಈಜಿದೆವು. ಸೆಳೆತ ಅತ್ತ ಕಡೆಗೇ ಇದ್ದದ್ದು ನಮ್ಮ ಜಾಣ್ಮೆಯಲ್ಲ.

ಅಂದಿನಿಂದ ಹತ್ತುವ ಜಾಗ ಎರಡಿಲ್ಲದೆ ನಾವು ನೀರಿಗಿಳಿಯುವುದಿಲ್ಲ, ಮತ್ತು ಎರಡನೆಯದು ಮರಳಿನದೇ ಆಗಿರಬೇಕು, ದೂರವಿದ್ದರೂ ಚಿಂತೆಯಿಲ್ಲ. ಬಂಡೆಯ ಮೇಲೆ ಹತ್ತುವುದಾದರೆ ಅಲೆ ಒಡೆಯುವ ಗೆರೆಯ ಆಚೆ ನಿಂತು ಒಂದು ಗುಂಪು ಹಾದುಹೋಗಲು ಬಿಡಬೇಕು. ಕೊನೆಯ ದೊಡ್ಡ ಅಲೆಯ ಬೆನ್ನು ಹತ್ತಿ ಬಂದು, ನೀರು ಹಿಂದೆ ಸರಿಯುವ ಮೊದಲೇ ಹಿಡಿತ ಸಾಧಿಸಬೇಕು. ಬಾಯಲ್ಲಿ ರೆಗ್ಯುಲೇಟರ್, ಮುಖದಲ್ಲಿ ಮಾಸ್ಕ್ ಕಾಲು ನೆಲಕ್ಕೆ ಗಟ್ಟಿಯಾಗಿ ಊರುವವರೆಗೂ ಇರಬೇಕು. ದಡದಲ್ಲಿ ಒಬ್ಬರು ಒಣಬಟ್ಟೆಯಲ್ಲೇ ಇದ್ದು, ಎತ್ತರದಿಂದ ಅಲೆಗಳನ್ನು ನೋಡುತ್ತ ಕೈಸನ್ನೆ ಮಾಡಬೇಕು, ತೇಲುಬುರುಡೆ ಕಟ್ಟಿದ ಹಗ್ಗ ಎಸೆಯಬೇಕು. ನೀರಿಗಿಳಿಯಲು ಎಲ್ಲರಿಗೂ ಆಸೆಯಿರುತ್ತದೆ, ದಡದಲ್ಲಿ ನಿಲ್ಲಲು ಯಾರಿಗೂ ಇರುವುದಿಲ್ಲ. ನಾವು ಸರದಿ ಮಾಡಿಕೊಂಡಿದ್ದೇವೆ.

ಉಬ್ಬರವಿಳಿತದ ಯಾವ ಹೊತ್ತಿನಲ್ಲಿ ಇಳಿಯಬೇಕು?

ಏರುವ ನೀರಿನಲ್ಲಿ. ಕಾರವಾರದ ಕಡೆ ಭರತಿ (ಉಬ್ಬರ), ಸುಕತಿ (ಇಳಿತ) ಎಂದು ಕರೆಯುವ ಈ ಏರಿಳಿತ ನಮ್ಮಲ್ಲಿ ದಿನಕ್ಕೆ ಎರಡು ಬಾರಿ ಆಗುತ್ತದೆ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ, ಎರಡು ಭರತಿಗಳ ಎತ್ತರ ಒಂದೇ ಸಮ ಇರುವುದಿಲ್ಲ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಮೀನುಗಾರರು ಪಂಚಾಂಗದ ತಿಥಿ ನೋಡಿಯೇ ಬಲೆಯ ಲೆಕ್ಕ ಹಾಕುತ್ತಾರೆ.

ನಮ್ಮ ತೀರದಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ದಿನ ನೀರು ತೀರ ಇಳಿದಿರುವುದು ಮುಂಜಾನೆ ಮತ್ತು ಸಂಜೆಯ ಹೊತ್ತಿಗೆ. ಅಂದರೆ ಬೆಳಿಗ್ಗೆ ಏಳಕ್ಕೆ ಇಳಿದರೆ ಹತ್ತುವ ಹೊತ್ತಿಗೆ ನೀರು ಏರುತ್ತಿರುತ್ತದೆ, ಬಂಡೆಯ ಅಂಚು ಕೈಗೆ ಹತ್ತಿರವಾಗುತ್ತ ಬರುತ್ತದೆ. ಅಷ್ಟಮಿಯ ದಿನ ಇದು ತಿರುಗುಮುರುಗು: ಮುಂಜಾನೆ ನೀರು ತುಂಬಿದ್ದು ಮಧ್ಯಾಹ್ನದತ್ತ ಇಳಿಯುತ್ತದೆ. ಏರಿಳಿತ ಕಡಿಮೆ ಎಂಬ ಕಾರಣಕ್ಕೆ ಅಷ್ಟಮಿಯನ್ನು ಆರಿಸಿಕೊಳ್ಳುವವರು ಈ ತಿರುವನ್ನು ಮರೆತು, ನಾವು ಮಾಡಿದ ತಪ್ಪನ್ನೇ ಮಾಡುತ್ತಾರೆ. ಅಂದಾಜಿಗೆ ತಿಥಿ ಸಾಕು, ನಿಖರ ಸಮಯಕ್ಕೆ ಭಾರತೀಯ ಸರ್ವೇಕ್ಷಣ ಇಲಾಖೆ ಪ್ರಕಟಿಸುವ ಉಬ್ಬರವಿಳಿತದ ಕೋಷ್ಟಕವನ್ನೇ ನೋಡಿ.

ಅಲೆಯ ಮುನ್ಸೂಚನೆಯಲ್ಲಿ ಏನನ್ನು ಗಮನಿಸಬೇಕು?

ಎತ್ತರವನ್ನಷ್ಟೇ ಅಲ್ಲ, ಎರಡು ಅಲೆಗಳ ನಡುವಿನ ಅವಧಿಯನ್ನು. ಹೈದರಾಬಾದ್‌ನಲ್ಲಿರುವ, ಕಡಲಿನ ಮಾಹಿತಿ ನೀಡುವ ಸರ್ಕಾರಿ ಸಂಸ್ಥೆ ಇನ್‌ಕಾಯಿಸ್‌ನ ಮುನ್ಸೂಚನೆಯಲ್ಲಿ ಎರಡೂ ಇರುತ್ತವೆ. ಒಂದು ಮೀಟರ್ ಎತ್ತರದ ಅಲೆ 6 ಸೆಕೆಂಡಿಗೊಮ್ಮೆ ಬರುತ್ತಿದ್ದರೆ ಆಳ ಕಡಲಿನಲ್ಲಿ ಅದರ ಉದ್ದ ಸುಮಾರು 56 ಮೀಟರ್. ಅಷ್ಟೇ ಎತ್ತರದ ಅಲೆ 14 ಸೆಕೆಂಡಿಗೊಮ್ಮೆ ಬಂದರೆ ಉದ್ದ 300 ಮೀಟರ್ ದಾಟುತ್ತದೆ. ನೀರಿನ ಅಲುಗಾಟ ಅಲೆಯ ಅರ್ಧ ಉದ್ದದಷ್ಟು ಆಳದವರೆಗೆ ಮುಟ್ಟುವುದರಿಂದ ನಮ್ಮ ಆರೇಳು ಮೀಟರ್‌ನ ತಳದಲ್ಲಿ ಎರಡೂ ಅಲುಗಾಡಿಸುತ್ತವೆ, ಆದರೆ ಉದ್ದನೆಯ ಅಲೆ ಪ್ರತಿ ಸಲ ಹಲವು ಸೆಕೆಂಡುಗಳ ಕಾಲ ಒಂದೇ ದಿಕ್ಕಿಗೆ ಎಳೆದೊಯ್ದು, ದಡಕ್ಕೆ ಬಂದಾಗ ಎತ್ತರವನ್ನೂ ಹೆಚ್ಚಿಸಿಕೊಳ್ಳುತ್ತದೆ. ಇಳಿಯುವ ಬಂಡೆಯ ಬಳಿ ಅಲೆ ಮೊಣಕಾಲು ದಾಟಿದರೆ ನಾವು ಸಾಮಾನು ಬಿಚ್ಚುವುದಿಲ್ಲ. ಈ ಮಿತಿ ಅತಿಯಾಯಿತು ಎನ್ನುವವರಿದ್ದಾರೆ. ಅವರೊಂದಿಗೆ ನಾವು ವಾದಿಸುವುದಿಲ್ಲ, ಇಳಿಯುವುದೂ ಇಲ್ಲ.

ಚಳಿಗಾಲದಲ್ಲಿ ಅರೇಬಿಯಾದ ಕಡೆಯ ಶಮಾಲ್ ಗಾಳಿ ವಾಯುವ್ಯದಿಂದ ಅಲೆಗಳನ್ನು ಕಳುಹಿಸುತ್ತದೆ. ಆಗ ಮೂಗುಗಳ ದಕ್ಷಿಣ ಮಗ್ಗುಲು ಮರೆಯಾಗಿರುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗಳಿಂದ ಹುಟ್ಟಿದ ಉದ್ದನೆಯ ಅಲೆಗಳು, ಇಲ್ಲಿ ಎಲೆಯೂ ಅಲುಗದಷ್ಟು ಗಾಳಿ ಸತ್ತಿರುವಾಗ ಬಂದು ಬಡಿಯುತ್ತವೆ, ಅದಕ್ಕೇ ಕೇರಳದವರು ಇದನ್ನು ಕಳ್ಳಕಡಲು ಎನ್ನುತ್ತಾರೆ. ಆಗ ದಕ್ಷಿಣದ ಮರೆ ಮರೆಯಾಗಿ ಉಳಿಯುವುದಿಲ್ಲ. ದಿನದ ಗಾಳಿಯ ಲೆಕ್ಕ ಸುಲಭ: ಬೆಳಿಗ್ಗೆ ನೆಲದಿಂದ ಕಡಲಿಗೆ, ಮಧ್ಯಾಹ್ನ ಕಡಲಿನಿಂದ ನೆಲಕ್ಕೆ. ಹತ್ತು ಗಂಟೆಯೊಳಗೆ ನೀರಿನಿಂದ ಹೊರಗಿರಬೇಕು.

ಮೊದಲ ಸಲವೇ ಸಿಲಿಂಡರ್ ಕಟ್ಟಿಕೊಂಡು ಇಳಿಯಬಹುದೇ?

ಬೇಡ. ಮೊದಲ ಇಳಿತ ಮಾಸ್ಕ್, ಸ್ನಾರ್ಕೆಲ್, ಫಿನ್ ಮತ್ತು ತೇಲುಬುರುಡೆಯೊಂದಿಗೆ ಮಾತ್ರ. ಮೇಲೆಯೇ ಈಜುತ್ತ ಗುಂಡು ಕಟ್ಟಿದ ಹಗ್ಗದಿಂದ ಆಳ ಅಳೆಯಿರಿ, ಬಂಡೆ ಮುಗಿದು ಮರಳು ಶುರುವಾಗುವ ಗೆರೆಯನ್ನು ಗುರುತಿಸಿ, ಎರಡೂ ಹತ್ತುವ ಜಾಗಗಳಿಂದ ನಿಜವಾಗಿಯೂ ಹತ್ತಿ ನೋಡಿ. ಬರಿಮೈಯಲ್ಲಿ ಹತ್ತಲಾಗದ ಕಡೆ ಹೊರೆ ಹೊತ್ತು ಹತ್ತುವ ಮಾತೇ ಇಲ್ಲ. ಕೊಲ್ಲಿಯ ಮೂಲೆಯಲ್ಲಿ ಬಂಡೆಗೆ ಅಂಟಿಕೊಂಡಂತೆ ಹೊರಮುಖವಾಗಿ ಹರಿಯುವ ಸೆಳೆತ ಸಾಮಾನ್ಯವಾಗಿ ಇರುತ್ತದೆ. ಅಲ್ಲಿ ಅಲೆ ಒಡೆಯದೆ ನೀರು ನಯವಾಗಿ ಕಾಣುವುದರಿಂದ ಹೊಸಬರು ಅದನ್ನೇ ಸುರಕ್ಷಿತ ಜಾಗವೆಂದು ತಿಳಿಯುತ್ತಾರೆ. ಹೊರಗೆ ಹೋಗಲು ಅದು ಪುಕ್ಕಟೆ ಸವಾರಿ, ಹಿಂದಿರುಗಲು ಅಲ್ಲ.

ಸಿಲಿಂಡರಿನ ಗಾಳಿಯ ಲೆಕ್ಕ ಹೇಗೆ?

ಮೂರನೆಯ ಒಂದು ಭಾಗ ಹೋಗಲು, ಒಂದು ಭಾಗ ಬರಲು, ಒಂದು ಭಾಗ ಮುಟ್ಟದೆ ಉಳಿಸಲು. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವರು 8 ಮೀಟರ್ ಆಳದಲ್ಲಿ 36 ಲೀಟರ್ ಬಳಸುತ್ತಾರೆ. 200 ಬಾರ್ ಒತ್ತಡಕ್ಕೆ ತುಂಬಿದ 11 ಲೀಟರ್‌ನ ಸಿಲಿಂಡರಿನಲ್ಲಿ 2200 ಲೀಟರ್ ಗಾಳಿಯಿದ್ದು, ಅದರ ಮೂರನೆಯ ಒಂದು ಭಾಗ ಸುಮಾರು 20 ನಿಮಿಷಕ್ಕೆ ಮುಗಿಯುತ್ತದೆ. ದೋಣಿಯಿಂದ ಇಳಿಯುವವರು 50 ಬಾರ್ ಉಳಿಸಿಕೊಂಡು ಮೇಲೆ ಬರುವ ರೂಢಿ ಇಲ್ಲಿ ಸಾಲದು, ಏಕೆಂದರೆ ಮೇಲೆ ಬಂದ ಬಳಿಕವೂ ಅಲೆಗಳ ನಡುವೆ ಅದೇ ಗಾಳಿಯನ್ನು ಉಸಿರಾಡುತ್ತ ದಡ ಸೇರಬೇಕಾಗುತ್ತದೆ.

ರಾತ್ರಿ ಇಳಿಯಬಹುದೇ?

ಹೊಸ ಜಾಗದಲ್ಲಿ ಖಂಡಿತ ಬೇಡ. ನೀರು ಮಿನುಗುವ ರಾತ್ರಿಗಳನ್ನು ದಡದಲ್ಲಿ ಕುಳಿತೂ ಸವಿಯಬಹುದು.

ಎಲ್ಲೆಲ್ಲಿ ಇಳಿಯುವಂತಿಲ್ಲ? ಯಾರಿಗೆ ತಿಳಿಸಬೇಕು?

ಕಾರವಾರದ ದಕ್ಷಿಣಕ್ಕೆ ಬಿಣಗಾ, ಅರಗಾ ಕಡೆಗಳಲ್ಲಿ ಹಬ್ಬಿರುವ, 2005ರಲ್ಲಿ ಕಾರ್ಯಾರಂಭ ಮಾಡಿದ ಐ.ಎನ್.ಎಸ್. ಕದಂಬ ನೌಕಾನೆಲೆ ಮತ್ತು ಅಂಜುದೀವ್ ದ್ವೀಪದ ಸುತ್ತಲಿನ ನೀರಿನ ಹತ್ತಿರ ಸುಳಿಯಲೇಬಾರದು. ಅದರ ಎಲ್ಲೆ ಎಲ್ಲಿದೆ ಎಂದು ನಕ್ಷೆ ನೋಡಿ ವಾದಿಸುವ ಬದಲು ಆ ಇಡೀ ಪಟ್ಟಿಯನ್ನೇ ಬಿಟ್ಟುಬಿಡುವುದು ಲೇಸು. ಬಂದರುಗಳ ಬಾಯಿ, ಹಡಗಿನ ಹಾದಿಗಳೂ ಬೇಡ. ಉಳಿದ ಕಡೆ ಇಳಿಯುವ ಮೊದಲು ಹತ್ತಿರದ ಕರಾವಳಿ ಕಾವಲು ಪೊಲೀಸ್ ಠಾಣೆಗೆ ಹೋಗಿ ಎಷ್ಟು ಜನ, ಎಲ್ಲಿ, ಎಷ್ಟು ಹೊತ್ತಿನವರೆಗೆ ಎಂದು ಬರೆದುಕೊಡಿ. ಕಪ್ಪು ಉಡುಪು ತೊಟ್ಟು, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು, ನಸುಕಿನಲ್ಲಿ ಕಡಲಿನಿಂದ ಎದ್ದು ಬರುವ ಅಪರಿಚಿತರನ್ನು ಕಂಡು ಊರಿನವರು ಪೊಲೀಸರಿಗೆ ತಿಳಿಸಿದರೆ ಅದು ಅವರ ಎಚ್ಚರಿಕೆಯೇ ಹೊರತು ತಪ್ಪಲ್ಲ. ಕಾಲುದಾರಿ ಅರಣ್ಯದೊಳಗೆ ಹಾದರೆ ಅರಣ್ಯ ಇಲಾಖೆಯನ್ನೂ, ಖಾಸಗಿ ತೋಟದ ಮೂಲಕ ಹಾದರೆ ತೋಟದವರನ್ನೂ ಕೇಳಬೇಕು. ಡ್ರೋನ್ ಹಾರಿಸುವ ಮೊದಲು ನೌಕಾನೆಲೆ ಹತ್ತಿರವಿರುವುದನ್ನು ನೆನಪಿಸಿಕೊಳ್ಳಿ. ಪರವಾನಗಿಯಿಲ್ಲದ ಉಪಗ್ರಹ ಫೋನ್ ದೇಶದಲ್ಲೇ ನಿಷಿದ್ಧ.

ಬಲೆ ಮತ್ತು ದೋಣಿಗಳಿಂದ ಅಪಾಯವಿದೆಯೇ?

ಇದೆ. ದಡದಿಂದ ಎಳೆಯುವ ರಂಪಣಿ ಅಥವಾ ಯಂಡಿ ಬಲೆ ಬಿಡುವ ದಿನ ಆ ದಂಡೆಯಲ್ಲಿ ಇಳಿಯಬೇಡಿ. ಅದು ನಿಮಗೂ ಅಪಾಯ, ಹಲವು ಮನೆಗಳ ದುಡಿಮೆಗೂ ಅಡ್ಡಿ. ಬಂಡೆಗಳಿಗೆ ಸಿಕ್ಕಿ ಹರಿದುಳಿದ ನೈಲಾನ್ ಬಲೆಗಳು ಮಸುಕು ನೀರಿನಲ್ಲಿ ಮೈಗೆ ಸುತ್ತಿಕೊಳ್ಳುವವರೆಗೂ ಕಾಣುವುದಿಲ್ಲ, ಆದ್ದರಿಂದ ಕೈಗೆಟಕುವ ಎರಡು ಕಡೆ ಕತ್ತರಿಸುವ ಸಾಧನವಿರಲಿ. ಕೆಂಪಿನ ಮೇಲೆ ಬಿಳಿ ಓರೆ ಪಟ್ಟಿಯ ಡೈವಿಂಗ್ ಬಾವುಟವನ್ನು ತೇಲುಬುರುಡೆಗೆ ಕಟ್ಟುವುದು ಸರಿ, ಆದರೆ ಆ ಬಾವುಟದ ಅರ್ಥ ನಾಡದೋಣಿಯವರಿಗೆ ತಿಳಿದಿರಬೇಕೆಂದು ನಿರೀಕ್ಷಿಸುವುದು ಸರಿಯಲ್ಲ. ಹಿಂದಿನ ಸಂಜೆ ದಂಡೆಗೆ ಹೋಗಿ ಬಾಯಿಮಾತಿನಲ್ಲಿ ಹೇಳಿಬನ್ನಿ.

ಕಚ್ಚುವ, ಚುಚ್ಚುವ ಜೀವಿಗಳ ಬಗ್ಗೆ ಏನು ಎಚ್ಚರ?

ಕಲ್ಲಿನಂತೆಯೇ ಕಾಣುವ ಮುಳ್ಳು ಮೀನುಗಳ ಮತ್ತು ತೊರಕೆಯ ಮುಳ್ಳಿನ ವಿಷದ ನೋವು ಬಿಸಿನೀರಿಗೆ ತಗ್ಗುತ್ತದೆ: ಸುಮಾರು 45 ಡಿಗ್ರಿ, ಅಂದರೆ ಸುಡದೆ ತಾಳಿಕೊಳ್ಳಬಲ್ಲಷ್ಟು ಬಿಸಿಯ ನೀರಿನಲ್ಲಿ ಗಾಯವನ್ನು 30ರಿಂದ 90 ನಿಮಿಷ ಮುಳುಗಿಸಿಟ್ಟು ಆಸ್ಪತ್ರೆಗೆ ಹೋಗಬೇಕು. ರಸ್ತೆಯಿಲ್ಲದ ಕೊಲ್ಲಿಯಲ್ಲಿ ಬಿಸಿನೀರು ಸಿಗುವುದು ನೀವು ಫ್ಲಾಸ್ಕಿನಲ್ಲಿ ಒಯ್ದಿದ್ದರೆ ಮಾತ್ರ. ಕಡಲ ಹಾವುಗಳು ವಿಷಕಾರಿ, ಆದರೆ ಕೆಣಕದಿದ್ದರೆ ತಮ್ಮ ಪಾಡಿಗೆ ಹೋಗುತ್ತವೆ. ನಮಗೆ ಹೆಚ್ಚು ಗಾಯ ಮಾಡಿರುವುದು ಇವಾವುವೂ ಅಲ್ಲ, ಕಲ್ಗ.

ಡೈವಿಂಗ್ ಮುಗಿಸಿ ಅದೇ ಸಂಜೆ ಶಿರಸಿಗೆ ಹಿಂದಿರುಗಬಹುದೇ?

ಈ ಪ್ರಶ್ನೆ ಕೇಳುವವರು ಕಡಿಮೆ, ಕೇಳಬೇಕಾದವರು ಹೆಚ್ಚು. ವಿಮಾನ ಹತ್ತುವ ಮೊದಲು ಒಂದೇ ಸಲ ಇಳಿದಿದ್ದರೆ 12 ಗಂಟೆ, ಹಲವು ಸಲ ಇಳಿದಿದ್ದರೆ 18 ಗಂಟೆ ಕಾಯಬೇಕೆಂಬುದು ತರಬೇತಿಯಲ್ಲಿ ಎಲ್ಲರೂ ಕಲಿತ ಪಾಠ. ಘಟ್ಟ ಹತ್ತುವುದೂ ಅದೇ ಜಾತಿಯದು ಎಂಬುದನ್ನು ಮರೆಯುತ್ತೇವೆ. ಕುಮಟಾದಿಂದ ದೇವಿಮನೆ ಘಟ್ಟವೇರಿ ಶಿರಸಿ ಸೇರಿದರೆ ಎರಡು ಗಂಟೆಯೊಳಗೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲೆ ಬಂದಿರುತ್ತೇವೆ. ಡೈವಿಂಗ್ ಲೆಕ್ಕಾಚಾರದಲ್ಲಿ 300 ಮೀಟರ್ ದಾಟಿದರೆ ಅದು ಎತ್ತರದ ಪ್ರದೇಶ. ದಡದ ಐದಾರು ಮೀಟರ್ ಆಳದ ಒಂದು ಇಳಿತದಲ್ಲಿ ದೇಹ ಹೀರಿಕೊಂಡ ಸಾರಜನಕ ಕಡಿಮೆಯೇ. ಆದರೆ ನೇತ್ರಾಣಿಯಲ್ಲಿ ಎರಡು ಸಲ ಆಳಕ್ಕಿಳಿದು, ಮರುದಿನ ದಡದ ಹುಡುಕಾಟವನ್ನೂ ಮುಗಿಸಿ, ಸಂಜೆಯೇ ಹುಬ್ಬಳ್ಳಿಗೋ ಬೆಂಗಳೂರಿಗೋ ಕಾರು ಹತ್ತುವವರು ಅಪಾಯವನ್ನು ಕೂಡಿಸುತ್ತ ಹೋಗುತ್ತಾರೆ. ಆ ರಾತ್ರಿ ಕರಾವಳಿಯಲ್ಲೇ ಉಳಿಯಿರಿ. ನಮ್ಮ ಗುಂಪಿನ ಶಿರಸಿಯವರು ಇದಕ್ಕಾಗಿ ಕುಮಟಾದ ನೆಂಟರ ಮನೆಗಳನ್ನು ಸರದಿಯಂತೆ ಹಂಚಿಕೊಂಡಿದ್ದಾರೆ.

ತುರ್ತು ಸಂದರ್ಭಕ್ಕೆ ಏನು ಸಿದ್ಧತೆ ಬೇಕು?

ಕಡಲಿನಲ್ಲಿ ಯಾರಾದರೂ ಕಾಣೆಯಾದರೆ ಕರಾವಳಿ ರಕ್ಷಣಾ ಪಡೆಯ 1554, ಕರಾವಳಿ ಪೊಲೀಸರ 1093, ಆಂಬುಲೆನ್ಸಿಗೆ 108. ಗುಡ್ಡದ ಮರೆಯ ಕೊಲ್ಲಿಗಳಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಎಲ್ಲಿ ಸಿಗುತ್ತದೆ, ಅಲ್ಲಿಗೆ ಓಡಲು ಎಷ್ಟು ನಿಮಿಷ ಬೇಕು ಎಂಬುದನ್ನು ಬರಿಗೈ ಭೇಟಿಯಲ್ಲೇ ಅಳೆದಿಟ್ಟುಕೊಳ್ಳಿ. ಶುದ್ಧ ಆಮ್ಲಜನಕದ ಚಿಕ್ಕ ಸಿಲಿಂಡರ್ ಭಾರವೆಂದು ಬಿಟ್ಟುಹೋಗುವಂತಿಲ್ಲ. ಎದ್ದು ನಡೆಯಲಾಗದವರನ್ನು ಆ ಕಾಲುದಾರಿಯಲ್ಲಿ ನಾಲ್ವರು ಹೊತ್ತು ತರಬಲ್ಲರೇ? ತರಲಾರದಿದ್ದರೆ ಹತ್ತಿರದ ಊರಿನ ಒಂದು ದೋಣಿಯವರೊಂದಿಗೆ ಮೊದಲೇ ಮಾತಾಡಿ, ಅಂದು ಬೆಳಿಗ್ಗೆ ಅವರು ದಂಡೆಯಲ್ಲೇ ಇರುವಂತೆ ನೋಡಿಕೊಂಡು, ಅವರ ಅರ್ಧ ದಿನದ ದುಡಿಮೆಯನ್ನು ಕೊಡಿ.

ನೀರಿನಡಿಯಿಂದ ಏನನ್ನಾದರೂ ತರಬಹುದೇ?

ಕಸವನ್ನು ಬಿಟ್ಟು ಏನನ್ನೂ ತರಬಾರದು. ಗಟ್ಟಿ ಹವಳ, ಸಮುದ್ರ ಕುದುರೆ, ಸಮುದ್ರ ಸೌತೆ ಮುಂತಾದವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಹಳೆಯ ಲಂಗರು, ಮಡಕೆ ಚೂರು ಕಂಡರೆ ಚಿತ್ರ ತೆಗೆದು ಅಲ್ಲಿಯೇ ಬಿಡಿ. ನೇತ್ರಾಣಿಯನ್ನು ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ್ದುಂಟು, ಹಾಗಾಗಿ ತುಕ್ಕು ಹಿಡಿದ ಕೊಳವೆಯಂಥ ಲೋಹದ ವಸ್ತು ಎಲ್ಲೇ ಕಂಡರೂ ಮುಟ್ಟದೆ ದೂರ ಸರಿದು ಪೊಲೀಸರಿಗೆ ತಿಳಿಸಬೇಕು.

ಕಂಡುಹಿಡಿದ ಜಾಗದ ವಿವರಗಳನ್ನು ಎಲ್ಲರಿಗೂ ತಿಳಿಸಬೇಕೇ?

ನಮ್ಮ ಗುಂಪಿನಲ್ಲೇ ಇದರ ಬಗ್ಗೆ ಒಮ್ಮತವಿಲ್ಲ. ವಿವರ ಮುಚ್ಚಿಟ್ಟರೆ ಇನ್ನೊಬ್ಬರು ಅದೇ ಬಂಡೆಯಲ್ಲಿ ಅಂಗೈ ಸೀಳಿಕೊಳ್ಳುತ್ತಾರೆ, ಬಿಚ್ಚಿಟ್ಟರೆ ಮುಂದಿನ ಡಿಸೆಂಬರಿನಲ್ಲಿ ಮೂವತ್ತು ಜನ ಬಂದು ನೀಲಿಕಲ್ಲಿನವರ ಕಲ್ಲಿನ ಮೇಲೆ ನಿಲ್ಲುತ್ತಾರೆ. ಸದ್ಯಕ್ಕೆ ನಾವು ಮಾಡಿಕೊಂಡಿರುವ ಏರ್ಪಾಡು ಇಷ್ಟು: ದಿನಾಂಕ, ತಿಥಿ, ನೀರಿನ ಮಟ್ಟ, ಅಲೆಯ ಎತ್ತರ ಮತ್ತು ಅವಧಿ, ತಟ್ಟೆ ಕಣ್ಮರೆಯಾದ ಗಂಟು, ಎರಡು ಹತ್ತುವ ಜಾಗಗಳ ಚಿತ್ರ, ಇವೆಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡುತ್ತೇವೆ, ಯಾರಾದರೂ ಬಂದು ಕೇಳಿದರೆ ಪುಸ್ತಕ ಕೊಡುತ್ತೇವೆ, ಮೊದಲ ಸಲ ಜೊತೆಗೂ ಹೋಗುತ್ತೇವೆ. ಅಕ್ಷಾಂಶ ರೇಖಾಂಶಗಳನ್ನು ಮಾತ್ರ ಎಲ್ಲಿಯೂ ಹಾಕುವುದಿಲ್ಲ. ದಾರಿ ತೋರಿಸಿದ ಹಿರಿಯರು ಹೇಳಿದ ಆ ಬೆನ್ನಿನ ಕಡೆಯ ಗುಹೆಯ ಪುಟ ಇನ್ನೂ ಖಾಲಿ ಇದೆ. ಅಲ್ಲಿಗೆ ಮರಳಿನ ಎರಡನೆಯ ದಾರಿ ನಮಗೆ ಇದುವರೆಗೆ ಸಿಕ್ಕಿಲ್ಲ.